ನನ್ನ ಮೊಮ್ಮಗಳಿಗೆ ನಲವತ್ತು ಜನ ಅಕ್ಕಂದಿರು!

ಹೆಣ್ಣುಮಗಳೊಬ್ಬಳು ಓದಲಿಕ್ಕೆಂದು ದೂರದ ಊರಿಗೆ ಹೊರಟಳೆಂದರೆ ಹೆತ್ತವಳ ಹೊಟ್ಟೆಯಲ್ಲಿ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ತಟ್ಟೆಗೆ ಅನ್ನ ಬಡಿಸಿಕೊಂಡಾಗಲೆಲ್ಲ ‘ಅವಳು ಉಂಡಳೋ ಇಲ್ಲವೋ’ ಎಂಬ ಕೊರಗು. ಅಜ್ಜಿಗಾದರೋ ಅದು ಇಮ್ಮಡಿ!

ಎರಡು ವರ್ಷದ ಹಿಂದೆ ಷಿಕಾಗೋದಲ್ಲಿರುವ ಮಗಳ ಮನೆಗೆ ಆರು ತಿಂಗಳ ಮಟ್ಟಿಗೆ ಹೋಗಿದ್ದೆ. ಮೊಮ್ಮಗಳು ಆಗಷ್ಟೇ ಇಂಡಿಯಾನಾ ರಾಜ್ಯದ ಕಾಲೇಜೊಂದನ್ನು ಸೇರಿದ್ದಳು. ಕಾರಿನಲ್ಲಿ ನಾಲ್ಕು ಗಂಟೆಯ ದಾರಿ. ಒಂದು ದಿನ ಫೋನಿನಲ್ಲಿ, “ಅಜ್ಜೀ, ನಾನು ಸೊರೋರಿಟಿ ಸೇರ್ತೀನಿ. ಅಮ್ಮ ಬೇಡ ಅಂತಾಳೆ” ಅಂದಳು.

ನನಗೆ ಆ ಶಬ್ದವೇ ಹೊಸದು. ಮಗಳನ್ನು ಕೇಳಿದರೆ, “ಅದೆಲ್ಲ ಕುಣಿತ, ಕುಡಿತದ ಗುಂಪು ಕಣಮ್ಮ. ದುಡ್ಡು ದಂಡ” ಎಂದು ಸಿಡುಕಿದಳು. ಪಾಪ, ಅವಳು ಓದಿದ್ದು ನಮ್ಮೂರಿನ ಕಾಲೇಜಿನಲ್ಲಿ. ಅವಳಿಗೆ ಗೊತ್ತಿದ್ದುದೂ ಸಿನಿಮಾದಲ್ಲಿ ಕಂಡಷ್ಟೇ.

ಮೊಮ್ಮಗಳು ನನಗೆ ಸಾವಧಾನವಾಗಿ ವಿವರಿಸಿದಳು. ಲ್ಯಾಟಿನ್ ಭಾಷೆಯಲ್ಲಿ ‘ಸೊರೋರ್’ ಎಂದರೆ ಸೋದರಿಯಂತೆ. ಅವಳಿದ್ದ ಇಂಡಿಯಾನಾದಲ್ಲೇ, ಗ್ರೀನ್‌ಕ್ಯಾಸಲ್ ಎಂಬ ಊರಿನ ಕಾಲೇಜು 1867ರಲ್ಲಿ ಮೊದಲ ಬಾರಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿತು. ಗಂಡುಹುಡುಗರಿಗೆ ತಮ್ಮವೇ ಸಂಘಗಳಿದ್ದವು. ಈ ಹುಡುಗಿಯರನ್ನು ಕಂಡರೆ ಅವರಲ್ಲಿ ಹಲವರಿಗೆ ಅಸಡ್ಡೆ. ಆಗ ಬೆಟ್ಟಿ ಲಾಕ್ ಎಂಬಾಕೆ ಮೂವರು ಗೆಳತಿಯರನ್ನು ಕೂಡಿಕೊಂಡು 1870ರಲ್ಲಿ ‘ಕಪ್ಪಾ ಆಲ್ಫಾ ಥೀಟಾ’ ಎಂಬ ತಮ್ಮದೇ ಸಂಘ ಕಟ್ಟಿದಳು. ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಹೆಂಗಸರ ಮೊದಲ ಸಂಘ ಅದು. ಕರಿಯ ಹೆಣ್ಣುಮಕ್ಕಳು 1908ರಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ‘ಆಲ್ಫಾ ಕಪ್ಪಾ ಆಲ್ಫಾ’ ಕಟ್ಟಿದರು. ಅಮೆರಿಕದ ಉಪಾಧ್ಯಕ್ಷೆಯಾಗಿದ್ದ ಕಮಲಾ ಹ್ಯಾರಿಸ್ ಅದರ ಸದಸ್ಯೆ. 1998ರಲ್ಲಿ ಟೆಕ್ಸಾಸಿನ ಆಸ್ಟಿನ್ನಿನಲ್ಲಿ ನಮ್ಮ ಭಾರತದ ಕಡೆಯ ಹುಡುಗಿಯರೇ ‘ಕಪ್ಪಾ ಫೈ ಗಾಮಾ’ ಎಂಬುದನ್ನು ಆರಂಭಿಸಿದರಂತೆ. ನೋಡಿ, ಒಂಟಿತನ ಯಾರನ್ನೂ ಬಿಟ್ಟಿಲ್ಲ!

“ಅಲ್ಲಿ ಮಾಡೋದೇನೇ?” ಎಂದೆ. ವಾರಕ್ಕೊಂದು ಸಭೆ; ಒಟ್ಟಿಗೆ ಕೂತು ಓದುವ ಗಂಟೆಗಳು; ಅಂಕ ತೀರಾ ಇಳಿದರೆ ಸಂಘದಲ್ಲೇ ವಿಚಾರಣೆ; ಧರ್ಮಕಾರ್ಯಕ್ಕೆ ಹಣ ಕೂಡಿಸುವುದು. ಹೊಸದಾಗಿ ಸೇರಿದವಳಿಗೆ ಹಿರಿಯಳೊಬ್ಬಳು ‘ಅಕ್ಕ’. ಕೇಳಿ ನನ್ನ ಮನಸ್ಸು ಕರಗಿತು. ಅವಳು ಲೈಬ್ರರಿಯಲ್ಲಿ ಗಂಟೆಗಿಷ್ಟು ಎಂದು ದುಡಿದ ಹಣದಿಂದ ಕಂತು ಕಟ್ಟಿ ಸೇರಿಯೇಬಿಟ್ಟಳು. ಅಮ್ಮನಿಗೆ ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ತಪ್ಪು ಮಾಡಿದೆನೇನೋ ಎಂದು ಎಷ್ಟೋ ರಾತ್ರಿ ನಿದ್ದೆಯಿಲ್ಲದೆ ಹೊರಳಿದ್ದೇನೆ. ಹುಡುಗಿಗೆ ಏನಾದರೂ ಆದರೆ ಹೆತ್ತವಳಿಗೆ ಯಾವ ಮುಖ ತೋರಿಸಲಿ?

ಆದದ್ದು ನವೆಂಬರಿನಲ್ಲಿ. ರಾತ್ರಿ ಎರಡು ಗಂಟೆಗೆ ಫೋನು. ಹುಡುಗಿಗೆ ಅಪೆಂಡಿಸೈಟಿಸ್, ಆಸ್ಪತ್ರೆಗೆ ಸೇರಿಸಿದ್ದೇವೆ ಎಂದು ಯಾರೋ ಹೇಳಿದರು. ಹೊರಗೆ ಹಿಮ ಸುರಿಯುತ್ತಿತ್ತು. ನಾಲ್ಕು ಗಂಟೆಯ ದಾರಿ ಆರು ಗಂಟೆಯಾಯಿತು. ಕಾರಿನಲ್ಲಿ ಒಬ್ಬರೂ ಮಾತಾಡಲಿಲ್ಲ.

ನಾವು ಮುಟ್ಟುವ ಹೊತ್ತಿಗೆ ಆಪರೇಷನ್ ಮುಗಿದಿತ್ತು. ಮಂಚದ ಪಕ್ಕ ಕೂತಿದ್ದ ಚಿನ್ನದ ಕೂದಲಿನ ಹುಡುಗಿ ಎದ್ದು ನಿಂತು, “ನಾನು ಅವಳ ಅಕ್ಕ” ಎಂದಳು. ನನ್ನ ಮಗಳು ತಬ್ಬಿಬ್ಬಾದಳು. ಮೇಜಿನ ಮೇಲೆ ನೋಟ್‌ಬುಕ್ಕಿನ ಒಂದು ಹಾಳೆಯಿತ್ತು. ಯಾರು ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಹತ್ತಿರ ಕೂರಬೇಕು, ಯಾವ ಪಾಠದ ನೋಟ್ಸು ಯಾರು ಬರೆದಿಡಬೇಕು, ಬಟ್ಟೆ ಯಾರು ಒಗೆಯಬೇಕು, ಎಲ್ಲವೂ ಅದರಲ್ಲಿತ್ತು. ನಮ್ಮ ಮನೆಯ ಮದುವೆಗಳಲ್ಲೂ ಇಷ್ಟು ಅಚ್ಚುಕಟ್ಟು ನಾನು ಕಂಡಿಲ್ಲ! ಮಗಳು ಅದನ್ನು ಎರಡೆರಡು ಸಲ ಓದಿದಳು. ಗುಟ್ಟು ರಟ್ಟಾಗಿತ್ತು. ನನ್ನ ಕಡೆ ಒಮ್ಮೆ ನೋಡಿದಳು, ಬೈಯಲಿಲ್ಲ. ಆ ಅಕ್ಕ ಎರಡು ದಿನದ ಮೇಲೆ ನನ್ನಿಂದ ಅಕ್ಕಿಗಂಜಿ ಮಾಡುವುದನ್ನು ಬರೆದುಕೊಂಡಳು. “ಒಂದು ಪಾಲು ಅಕ್ಕಿಗೆ ಎಂಟು ಪಾಲು ನೀರು, ಚಿಟಿಕೆ ಉಪ್ಪು, ಆರಿದ ಮೇಲೆ ಮಜ್ಜಿಗೆ” ಎಂದೆ. ಮುಂದಿನ ಅವಧಿಯ ವಂತಿಗೆಯನ್ನು ಮಗಳೇ ಕಟ್ಟಿದಳು.

ಹಾಗಂತ ಎಲ್ಲವೂ ಸಕ್ಕರೆಯಲ್ಲ. ಮೊಮ್ಮಗಳ ಸಂಘದ ವಂತಿಗೆ ಆರು ತಿಂಗಳಿಗೆ 800 ಡಾಲರು, ಅಂದರೆ ನಮ್ಮ ಲೆಕ್ಕದಲ್ಲಿ 65,000 ರೂಪಾಯಿಗೂ ಮೇಲೆ! ಅವಳ ಕೋಣೆಯ ಗೆಳತಿಯನ್ನು ಯಾವ ಸಂಘವೂ ಆರಿಸಿಕೊಳ್ಳಲಿಲ್ಲ. ಆ ಮಗು ವಾರವಿಡೀ ಅತ್ತಿತಂತೆ. ಕೆಲವೆಡೆ ಹೊಸಬರಿಗೆ ಕಿರುಕುಳ ಕೊಡುವ ರ‍್ಯಾಗಿಂಗ್ ಚಾಳಿಯೂ ಇದೆ, ಪ್ರಾಣಗಳೂ ಹೋಗಿವೆ. ಇಂಥ ಘಟನೆಗಳ ಲೆಕ್ಕವನ್ನು ಕಾಲೇಜುಗಳು ಬಹಿರಂಗಪಡಿಸಬೇಕೆಂದು ಅಮೆರಿಕದಲ್ಲಿ 2024ರ ಡಿಸೆಂಬರಿನಲ್ಲಿ ಕಾನೂನೇ ಆಯಿತು. ನಿಮ್ಮ ಮಗಳೋ ಮೊಮ್ಮಗಳೋ ಅಲ್ಲಿಗೆ ಹೋಗುವವಳಾದರೆ ಮೂರು ಮಾತು ಕೇಳಿ: ಒಟ್ಟು ಖರ್ಚೆಷ್ಟು? ಓದಿನ ನಿಯಮವೇನು? ಆ ಸಂಘದ ಮೇಲೆ ಹಿಂದೆ ದೂರುಗಳಿದ್ದವೇ? ಉತ್ತರ ಸರಿಯಿದ್ದರೆ ತಡೆಯಬೇಡಿ. ತಡೆದರೆ ಗುಟ್ಟಾಗಿ ಸೇರುತ್ತಾರೆ, ನನ್ನಂಥ ಅಜ್ಜಿಯರಿದ್ದಾರಲ್ಲ!

ಊರಿಗೆ ಬಂದ ಮೇಲೆ ಒಂದು ನೆನಪು ಪದೇ ಪದೇ ಕಾಡಿತು. ನಾನು ಮದುವೆಯಾಗಿ ಈ ಊರಿಗೆ ಬಂದಾಗ ಹತ್ತೊಂಬತ್ತು ವರ್ಷ. ಒಂದು ಮುಖವೂ ಪರಿಚಯವಿರಲಿಲ್ಲ. ಹಿತ್ತಲಲ್ಲಿ ಕೂತು ಅಳುತ್ತಿದ್ದಾಗ ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಕೋಸಂಬರಿಯ ಬಟ್ಟಲು ಚಾಚಿ, “ಸಂಜೆ ಮಹಿಳಾ ಸಮಾಜಕ್ಕೆ ಹೋಗೋಣ ಬಾರೇ” ಎಂದಿದ್ದರು. ಗ್ರೀಕ್ ಅಕ್ಷರ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ನಿಮ್ಮ ಬೀದಿಗೂ ಈ ವರ್ಷ ಹೊಸ ಸೊಸೆ ಯಾರಾದರೂ ಬಂದಿರಬಹುದು. ಒಂದು ಬಟ್ಟಲು ಹಿಡಿದು ಹೋಗಿ ಬನ್ನಿ.