ಕಳಚಿ ಕೂರಿಸುವ ದುರ್ಬೀನು

ಯುಗಾದಿ ಕಾರ್ಯಕ್ರಮದ ವರದಿ, ವಧೂವರರ ಮಾಹಿತಿ, ಮಕ್ಕಳ ಪುಟ, ಇವುಗಳ ನಡುವೆ ಬೇಟೆ ಬಂದೂಕಿನ ವಿಚಾರವೇಕೆ ಬಂತು ಎಂದು ವಾಚಕರು ಹುಬ್ಬೇರಿಸುವುದು ಸಹಜ. ನಾವೇನೂ ಬೇಟೆಗಾರರಲ್ಲ. ಪಿಂಪ್ರಿಯ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಮೂವತ್ತನಾಲ್ಕು ವರ್ಷ ಜಿಗ್ಗು, ಫಿಕ್ಸ್‌ಚರುಗಳನ್ನು ಮಾಡಿ ನಿವೃತ್ತರಾದವರು. ಮನೆಯಲ್ಲಿ ಜಿರಳೆ ಕಂಡರೂ ಪೊರಕೆ ಹಿಡಿದು ಮುಂದಾಗುವವರು ನಮ್ಮ ಮನೆಯವರೇ. ಇಂಥ ನಮ್ಮ ಪಾಲಿಗೆ, ಆಫ್ರಿಕದ ಕಾಡೆಮ್ಮೆಯ ಎದುರು ಹಿಡಿಯುವ ರೈಫಲ್ಲಿಗೆ ಯಾವ ಮೌಂಟು ಹಾಕಬೇಕೆಂದು ಹೇಳುವ ಕೆಲಸ ಬಂತು.

ತಂದವನು ಅಕ್ಕನ ಮಗ. ಮಂಡ್ಯದ ಹುಡುಗ, ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದ ಕಬ್ಬಿನ ಗದ್ದೆಯಲ್ಲಿ ಬೆಳೆದವನು. ಕಬ್ಬಿನ ವಿದ್ಯೆಯೇ ಅವನನ್ನು ಜಿಂಬಾಬ್ವೆಯ ಆಗ್ನೇಯ ಮೂಲೆಗೆ, ಚಿರೆಡ್ಜಿಯ ಹತ್ತಿರದ ಒಂದು ತೋಟಕ್ಕೆ ಕರೆದೊಯ್ಯಿತು. ಅಲ್ಲಿಯೂ ಅಣೆಕಟ್ಟೆಯ ನೀರು, ಅಲ್ಲಿಯೂ ಕಬ್ಬು. ಸುತ್ತ ಮಾತ್ರ ಮೋಪಾನಿ ಮರಗಳ ಕುರುಚಲು ಕಾಡು. ಗೊನರೆಝೌ ರಾಷ್ಟ್ರೀಯ ಉದ್ಯಾನ ದೂರವಿಲ್ಲ. ಅಲ್ಲಿ ನೆಲೆಸಿದ ಮೇಲೆ ಅವನು ಹಿರಿಯ ವೃತ್ತಿಪರ ಬೇಟೆಗಾರರೊಬ್ಬರ ಜೊತೆ ಓಡಾಡತೊಡಗಿದ. ಪರವಾನಗಿ ಪಡೆದು ರೈಫಲ್ಲನ್ನೂ ಕೊಂಡ. ಒಂದು ರಾತ್ರಿ ಫೋನಿನಲ್ಲಿ, "ಮಾವ, ಮೂರು ಬಗೆಯ ಮೌಂಟಿನ ಫೋಟೋ ಕಳಿಸಿದೀನಿ. ತೆಗೆದು ಹಾಕಿದರೂ ಜಾಗ ತಪ್ಪದೆ ಕೂರುವ ಸಾಮಾನು ಮಾಡೋದೇ ನಿಮ್ಮ ಕಸುಬಾಗಿತ್ತಲ್ಲ, ನೀವೇ ಹೇಳಿ. ಅಮ್ಮನಿಗೆ ಮಾತ್ರ ಹೇಳಬೇಡಿ," ಎಂದ.

ಅಮ್ಮನಿಗೆ ಹೇಳದೆ ಇರುವುದು ನಮ್ಮಿಂದಾಗಲಿಲ್ಲ. ಅಕ್ಕ ಆ ವಾರ ಪುಣೆಯಲ್ಲಿ ನಮ್ಮ ಮನೆಯಲ್ಲೇ ಇದ್ದಳು. ಪಕ್ಕದ ಕಟ್ಟಡದ ಸುಬೇದಾರರನ್ನೂ ಕರೆಸಿಕೊಂಡೆವು. ಅವರು ಕೊಡಗಿನವರು, ಸೈನ್ಯದಲ್ಲಿ ಆರ್ಮರರ್ ಆಗಿದ್ದವರು. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಪೂಜೆ ಮಾಡಿ ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸುವ ಮನೆತನ. ಹೀಗೆ ನಮ್ಮ ಬಾಲ್ಕನಿಯಲ್ಲಿ, ಚಹಾ ಮತ್ತು ನಿಪ್ಪಟ್ಟಿನ ಸಮೇತ, ಮೂರು ಭಾನುವಾರ ಸಮಾಲೋಚನೆ ನಡೆಯಿತು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಯ ಕಾಲ ಮುಗಿಯಿತು; ಮುಗಿದದ್ದೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಜಿಂಬಾಬ್ವೆಯ ದಾರಿ ಬೇರೆ. ಅಲ್ಲಿ ಅನುಮತಿ ಪಡೆದ ಬೇಟೆಯಿಂದ ಬರುವ ಹಣದ ಪಾಲು ಜಿಲ್ಲಾ ಮಂಡಳಿಗೂ ಹಳ್ಳಿಗೂ ಹೋಗುವ ಏರ್ಪಾಡು 1980ರ ದಶಕದ ಕೊನೆಯಿಂದ ಇದೆ. ಸರಿಯೋ ತಪ್ಪೋ ಎಂಬ ವಾದ ನಮ್ಮ ಬಾಲ್ಕನಿಯಲ್ಲೂ ಆಯಿತು, ತೀರ್ಮಾನವಾಗಲಿಲ್ಲ. ಹುಡುಗ ಹೋಗುವುದಂತೂ ಖಂಡಿತ. ಹೋದವನು ಮನೆಗೆ ಮರಳಿ ಬರಬೇಕು ಎಂಬಷ್ಟರಲ್ಲಿ ಎಲ್ಲರಿಗೂ ಒಮ್ಮತವಿತ್ತು.

ಅವನ ರೈಫಲ್ಲು ಮೌಸರ್ 98 ಜಾತಿಯದು, .375 ಹಾಲೆಂಡ್ ಅಂಡ್ ಹಾಲೆಂಡ್ ತೋಟಾ ಹಾರಿಸುವಂಥದು. ಈ ತೋಟಾ ಹುಟ್ಟಿದ್ದು 1912ರಲ್ಲಿ. ಆಫ್ರಿಕದ ಹಲವು ಕಡೆ ಅಪಾಯದ ಪ್ರಾಣಿಗಳಿಗೆ ಇದಕ್ಕಿಂತ ಸಣ್ಣದನ್ನು ಒಪ್ಪುವುದಿಲ್ಲ. ಗುಂಡಿನ ತೂಕ 300 ಗ್ರೇನ್, ಅಂದರೆ ಸುಮಾರು ಹತ್ತೊಂಬತ್ತೂವರೆ ಗ್ರಾಂ. ವೇಗ ಸೆಕೆಂಡಿಗೆ 770 ಮೀಟರಿನ ಆಸುಪಾಸು. ಎದುರಿಗಿರುವ ಕಾಡೆಮ್ಮೆ ನಮ್ಮ ಕಾಟಿಯಲ್ಲ. ಅದೇ ಬೇರೆ ಜಾತಿ. ಗಂಡಾದರೆ ಆರೇಳು ನೂರು ಕಿಲೋ ತೂಗುತ್ತದೆ. ಗಾಯಗೊಂಡರೆ ಪೊದೆಯೊಳಗೆ ಸೇರಿ ಬಂದ ದಾರಿಯನ್ನೇ ನೋಡುತ್ತ ನಿಲ್ಲುತ್ತದಂತೆ.

ಈ ಒಂದು ಬೇಟೆಯಲ್ಲಿ ಬಂದೂಕಿಗೆ ಎರಡು ಬಗೆಯ ಕೆಲಸವಿದೆ. ಮೊದಲ ಗುಂಡು ಎಂಬತ್ತು, ನೂರು ಮೀಟರು ದೂರದಿಂದ, ಮಬ್ಬು ಬೆಳಕಿನಲ್ಲಿ, ಕೊಂಬೆಗಳ ಸಂದಿಯಿಂದ ಹೋಗಬೇಕು. ಅದಕ್ಕೆ ದುರ್ಬೀನು ಬೇಕು. ಇಲ್ಲದಿದ್ದರೆ ಗುಂಡು ತಪ್ಪಿದ ಜಾಗಕ್ಕೆ ಬಿದ್ದು ಗಾಯದ ಪ್ರಾಣಿ ಪೊದೆ ಸೇರುತ್ತದೆ. ಪೊದೆ ಸೇರಿದ ಮೇಲೆ ಎರಡನೆಯ ಕೆಲಸ. ಅಲ್ಲಿ ದೂರವೆಂದರೆ ಹತ್ತು ಹೆಜ್ಜೆ. ಹೆಚ್ಚು ಹಿಗ್ಗಿಸಿ ತೋರಿಸುವ ದುರ್ಬೀನಿನಲ್ಲಿ ಆಗ ಕಾಣುವುದು ಕಪ್ಪು ಕೂದಲು ಮಾತ್ರ. ಅದು ತಲೆಯೋ ತೊಡೆಯೋ ತಿಳಿಯದು. ನಳಿಗೆಯ ಮೇಲಿನ ಹಿಂದಿನ ಅಗಲವಾದ ಕಚ್ಚು, ಮುಂದಿನ ಮಣಿ, ಇಷ್ಟೇ ಸಾಕು. ಒಂದೇ ಬಂದೂಕಿನಲ್ಲಿ ಎರಡೂ ಬೇಕಾದ್ದರಿಂದ ಕಳಚುವ ಮೌಂಟು ಹುಟ್ಟಿಕೊಂಡಿತು.

ಈಗಿನ ದುರ್ಬೀನುಗಳನ್ನು ಒಂದು ಪಟ್ಟಿನಷ್ಟಕ್ಕೆ ಇಳಿಸಿಕೊಂಡು, ಎರಡೂ ಕಣ್ಣು ತೆರೆದೇ ಹತ್ತಿರದ ಪ್ರಾಣಿಗೂ ಗುರಿಯಿಡಬಹುದು. ಹಾಗಾಗಿ ಕಳಚುವ ಗೊಡವೆಯೇ ಬೇಡ ಎನ್ನುವ ಅನುಭವಸ್ಥರೂ ಇದ್ದಾರಂತೆ. ಸುಬೇದಾರರು ತಲೆಯಾಡಿಸಿದರು. "ಬಿದ್ದು ಗಾಜು ಒಡೆದರೆ? ಮಳೆಯಲ್ಲಿ ಮಂಜು ಹಿಡಿದರೆ? ಆಗ ಸ್ಕ್ರೂಡ್ರೈವರ್ ಹುಡುಕುತ್ತಾ ಕೂರುವುದಾ?" ಈ ಮಾತನ್ನು ನಾವು ಒಪ್ಪಿದೆವು. ದುರ್ಬೀನು ಕೆಟ್ಟರೂ ಬಂದೂಕು ಕೆಡಬಾರದು.

ಫೋಟೋಗಳಿಗೆ ಬರೋಣ. ಮೊದಲನೆಯದು ಜರ್ಮನಿಯ ಹಳೆಯ ಪಂಜದ ಮೌಂಟು. ದುರ್ಬೀನಿನ ಕೆಳಗಿನ ಮುಂದಿನ ಪಂಜಗಳನ್ನು ಬೇಸಿನೊಳಗೆ ಸಿಕ್ಕಿಸಿ, ಹಿಂದಿನವನ್ನು ಒತ್ತಿದರೆ ಕಟಕ್ಕನೆ ಕೂರುತ್ತದೆ. ಕಸುಬುದಾರನೊಬ್ಬ ಅರದಿಂದ ತಾಸುಗಟ್ಟಲೆ ಉಜ್ಜಿ ಹೊಂದಿಸಬೇಕಾದ ಕೆಲಸ. ಫೋಟೋ ನೋಡಿದಾಗ ನಮ್ಮ ಕೈ ತುರಿಸಿತು, ಅಷ್ಟು ಚಂದ. ಆದರೆ ಅದನ್ನು ಹೊಂದಿಸಬಲ್ಲವನು ಚಿರೆಡ್ಜಿಯಲ್ಲಿ ಎಲ್ಲಿ ಸಿಗಬೇಕು? ನಾಳೆ ದುರ್ಬೀನು ಬದಲಾಯಿಸಿದರೆ ಮತ್ತೆ ಯಾರ ಕೈ ಕಾಯಬೇಕು? ಬಿಟ್ಟೆವು.

ಎರಡನೆಯದೂ ಜರ್ಮನಿಯದೇ, ತಿರುಗಿಸಿ ಕೂರಿಸುವಂಥದು. ಮುಂದಿನ ಕಾಲನ್ನು ಅಡ್ಡಲಾಗಿ ಬೇಸಿಗೆ ಇಳಿಸಿ, ಇಡೀ ದುರ್ಬೀನನ್ನು ತೊಂಬತ್ತು ಡಿಗ್ರಿ ತಿರುಗಿಸಿ ತಂದು ಹಿಂದಿನದನ್ನು ಬೀಗ ಹಾಕಬೇಕು. ಗಟ್ಟಿತನದಲ್ಲಿ ಕುಂದಿಲ್ಲ. ಆದರೆ ತೆಗೆಯುವಾಗ ದುರ್ಬೀನು ಬಂದೂಕಿಗೆ ಅಡ್ಡವಾಗಿ ನಿಲ್ಲಬೇಕು. ಮುಳ್ಳಿನ ನಡುವೆ ಅಷ್ಟು ಜಾಗ, ಎರಡೂ ಕೈಗಳ ಅಷ್ಟು ಪುರುಸೊತ್ತು ಇರುತ್ತದೆಯೆ ಎಂಬುದು ನಮ್ಮ ಶಂಕೆ.

ಮೂರನೆಯದು ಅಮೆರಿಕದ ಟ್ಯಾಲಿ, ವಾರ್ನ್ ಮೊದಲಾದವರ ಬಗೆ: ಉಕ್ಕಿನ ಬೇಸು, ಅದನ್ನು ಎರಡೂ ಕಡೆಯಿಂದ ಅಪ್ಪುವ ಉಂಗುರ, ಪಕ್ಕದಲ್ಲಿ ಬೆರಳಿನಿಂದ ತಿರುಗಿಸುವ ಒಂದೊಂದು ಲಿವರು. ಉಂಗುರದ ಅಡಿಯಲ್ಲಿ ಒಂದು ಅಡ್ಡಕೀಲಿ, ಬೇಸಿನಲ್ಲಿ ಅದಕ್ಕೊಂದು ಗಾಡಿ. ಈ ಕೀಲಿಯನ್ನು ನೋಡಿದ ಕೂಡಲೆ ನಮ್ಮ ಮನಸ್ಸು ಅರ್ಧ ಒಲಿಯಿತು. ಏಕೆಂದು ಹೇಳಬೇಕಾದರೆ ಸ್ವಲ್ಪ ಲೆಕ್ಕ ಬೇಕು. ಲೆಕ್ಕ ಬೇಡದ ವಾಚಕರು ಮುಂದಿನ ಒಂದು ಪ್ಯಾರಾ ದಾಟಬಹುದು.

ಈ ರೈಫಲ್ಲು ಹಾರಿದಾಗ ಸೆಕೆಂಡಿಗೆ ಸುಮಾರು ಐದು ಮೀಟರ್ ವೇಗದಲ್ಲಿ ಹಿಂದಕ್ಕೆ ಒದೆಯುತ್ತದೆ. ಆ ವೇಗ ಬರುವುದು ಒಂದೆರಡು ಮಿಲಿಸೆಕೆಂಡಿನಲ್ಲಿ. ಮೇಲೆ ಕುಳಿತ ಅರ್ಧ ಕಿಲೋ ದುರ್ಬೀನಿಗೆ ಹಿಂದೆ ಹೋಗುವ ಮನಸ್ಸಿಲ್ಲ. ಇದ್ದಲ್ಲೇ ಇರಲು ನೋಡುತ್ತದೆ, ಅಂದರೆ ಬಂದೂಕಿನ ಲೆಕ್ಕದಲ್ಲಿ ಮುಂದಕ್ಕೆ ಜಾರಲು ನೋಡುತ್ತದೆ. ಅದನ್ನು ಎಳೆದೊಯ್ಯಲು ನೂರು ಕಿಲೋ ತೂಕಕ್ಕೂ ಮಿಗಿಲಾದ ಬಲ ಬೇಕು. ಬರೀ ಲಿವರಿನ ಬಿಗಿತದ ಮೇಲೆ ಅಷ್ಟನ್ನು ಹೊರಿಸುವುದು ಟೂಲ್‌ರೂಮಿನವರಿಗೆ ಒಪ್ಪುವ ಮಾತಲ್ಲ. ಬಲವನ್ನು ಕೀಲಿ ಹೊರಬೇಕು, ಲಿವರು ಬಿಗಿಹಿಡಿಯಬೇಕು. ಒಬ್ಬರ ಕೆಲಸ ಇನ್ನೊಬ್ಬರ ಮೇಲೆ ಬೀಳಬಾರದು. ಬೇಸನ್ನು ಬಂದೂಕಿಗೆ ಕಟ್ಟುವ ಸ್ಕ್ರೂಗಳದ್ದೂ ಇದೇ ಕಥೆ. ಸಾಮಾನ್ಯವಾಗಿ ಹಾಕುವುದು 6-48 ಅಳತೆಯದು, ಅಂದರೆ 0.138 ಇಂಚು ದಪ್ಪ. ತೂತುಗಳನ್ನು ಹಿಗ್ಗಿಸಿ 0.164 ಇಂಚಿನ 8-40 ಸ್ಕ್ರೂ ಹಾಕಿದರೆ ದಪ್ಪದ ಲೆಕ್ಕದಲ್ಲೇ ಕತ್ತರಿ ಬಲಕ್ಕೆ ಸುಮಾರು ನಲವತ್ತು ಪಾಲು ಹೆಚ್ಚು ತಡೆಯುತ್ತದೆ. ಅದನ್ನೇ ಹಾಕಿಸು ಎಂದೆವು.

ಇನ್ನು ಮರಳಿ ಕೂರುವ ಮಾತು. ಉಂಗುರದಿಂದ ಉಂಗುರಕ್ಕೆ ಹನ್ನೆರಡು ಸೆಂಟಿಮೀಟರು ಅಂತರ. ಒಂದು ತುದಿ ತಲೆಗೂದಲಿನಷ್ಟು, ನೂರರಲ್ಲಿ ಆರು ಭಾಗ ಮಿಲಿಮೀಟರು, ಪಕ್ಕಕ್ಕೆ ಕೂತರೆ ನೂರು ಮೀಟರಿನಲ್ಲಿ ಗುಂಡು ಐದು ಸೆಂಟಿಮೀಟರು ಪಕ್ಕಕ್ಕೆ ಹೋಗುತ್ತದೆ. ಕಾಡೆಮ್ಮೆಯ ಎದೆಯಲ್ಲಿ ಗುಂಡು ಹೋಗಬೇಕಾದ ಜಾಗ ಊಟದ ತಟ್ಟೆಯಷ್ಟಿದೆ. ಹೀಗಾಗಿ ಐದು ಸೆಂಟಿಮೀಟರಿಗೆ ಯಾರೂ ಅಳಬೇಕಿಲ್ಲ. ಹದಿನೈದಾದರೆ ಅಳಬೇಕು. ಅದಕ್ಕೆ ಟೂಲ್‌ರೂಮಿನ ಪಾಠವನ್ನೇ ಹೇಳಿಕಳಿಸಿದೆವು: ಕೂರಿಸುವ ಮುನ್ನ ಬೇಸನ್ನು ಬಟ್ಟೆಯಿಂದ ಒರೆಸು, ಮರಳಿನ ಒಂದು ಕಣ ಸಾಕು ಎತ್ತರ ಕೆಡಿಸಲು. ಮುಂದಿನ ಉಂಗುರ ಮುಂದಿನ ಬೇಸಿಗೇ, ಹಿಂದಿನದು ಹಿಂದಿನದಕ್ಕೇ. ದುರ್ಬೀನನ್ನು ಮುಂದಕ್ಕೆ ಒತ್ತಿಹಿಡಿದು, ಕೀಲಿ ಗಾಡಿಯ ಮುಂಗೋಡೆಗೆ ತಾಗಿದ ಮೇಲೆ ಲಿವರು ಬಿಗಿ. ಫಿಕ್ಸ್‌ಚರಿನಲ್ಲಿ ಜಾಬನ್ನು ಸ್ಟಾಪ್ ಪಿನ್ನಿಗೆ ಒತ್ತಿ ಕ್ಲ್ಯಾಂಪು ಮಾಡಿದ ಹಾಗೆ. ಪ್ರತಿಸಲವೂ ಅಷ್ಟೇ ಬಿಗಿ, ಒಮ್ಮೆ ಭೀಮ ಒಮ್ಮೆ ಉತ್ತರಕುಮಾರ ಆಗುವುದು ಬೇಡ.

ಸುಬೇದಾರರು ಎರಡು ಮಾತು ಸೇರಿಸಿದರು. ದುರ್ಬೀನಿನ ಗಾಜಿಗೂ ಕಣ್ಣಿಗೂ ಒಂಬತ್ತು ಹತ್ತು ಸೆಂಟಿಮೀಟರಾದರೂ ಅಂತರ ಇರಲಿ, ಇಲ್ಲವಾದರೆ ಅದು ಹುಬ್ಬಿಗೆ ಮುತ್ತಿಡುತ್ತದೆ, ಹೊಲಿಗೆ ಹಾಕಿಸಬೇಕಾಗುತ್ತದೆ. ಎರಡನೆಯದು, ದುರ್ಬೀನು ತೆಗೆದ ಮೇಲೆ ಕೆನ್ನೆ ಮರಕ್ಕೆ ತಾಗಿದ ಕೂಡಲೆ ಕಚ್ಚು ಮತ್ತು ಮಣಿ ತಾವಾಗಿಯೇ ಕಣ್ಣಿಗೆ ಸಿಗಬೇಕು. "ದುರ್ಬೀನಿಗೆ ಹೊಂದಲಿ ಎಂದು ಮರವನ್ನು ಎತ್ತರ ಮಾಡಿಸಿಕೊಂಡು, ಆಮೇಲೆ ಮಣಿ ಕಾಣದೆ ಕತ್ತು ಉಳುಕಿಸಿಕೊಳ್ಳುವವರು ಉಂಟು. ಕಣ್ಣು ಮುಚ್ಚಿ ಹೆಗಲಿಗೆ ತಂದು, ಆಮೇಲೆ ಕಣ್ಣು ತೆರೆದು ನೋಡಲಿಕ್ಕೆ ಹೇಳಿ." ಎಲ್ಲಕ್ಕಿಂತ ಬೆಲೆಯುಳ್ಳ ಮಾತು ಇದೇ ಎಂದು ನಮಗೆ ಈಗಲೂ ಅನ್ನಿಸುತ್ತದೆ. ಮೌಂಟಿಗೆ ಹಣ ಸುರಿದು ಅದರ ಕೆಳಗಿನ ಸೈಟನ್ನು ಒಮ್ಮೆಯೂ ಗುಂಡು ಹಾರಿಸಿ ಪರೀಕ್ಷಿಸದವನು, ಕಳಚಿದ ಮೇಲೆ ಯಾವುದನ್ನು ನಂಬುತ್ತಾನೆ?

ಅಕ್ಕ ಇಷ್ಟೂ ಹೊತ್ತು ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದಳು. ಮಂಡ್ಯದ ಗದ್ದೆಯಲ್ಲಿ ಕಾಡುಹಂದಿ ತಿರುಗಿಬಿದ್ದದ್ದನ್ನು ಕಂಡವಳು. ಎರಡನೆಯ ಭಾನುವಾರ, "ಅದನ್ನು ಕಳಚೋಕೆ ಎಷ್ಟೊತ್ತು ಬೇಕು?" ಎಂದು ಕೇಳಿದಳು. ಅಭ್ಯಾಸವಾದರೆ ನಾಲ್ಕೈದು ಸೆಕೆಂಡು ಎಂದೆವು.

"ಅಷ್ಟೊತ್ತು ಎಮ್ಮೆ ನಿಂತಿರುತ್ತಾ?"

ಸುಬೇದಾರರು ನಿಪ್ಪಟ್ಟನ್ನು ತಟ್ಟೆಯಲ್ಲಿಟ್ಟರು. ನಿಲ್ಲುವುದಿಲ್ಲ. ಹತ್ತು ಹೆಜ್ಜೆಯನ್ನು ಅದು ಒಂದೆರಡು ಸೆಕೆಂಡಿನಲ್ಲಿ ದಾಟುತ್ತದೆ. ಹಾಗಾದರೆ ಮೂರರಲ್ಲಿ ಯಾವುದು ಬೇಗ ಕಳಚುತ್ತದೆ ಎಂದು ನಾವು ಅಳೆಯುತ್ತಿದ್ದುದರ ಅರ್ಥವೇ ಬದಲಾಯಿತು. ಪ್ರಾಣಿ ಮೇಲೆ ಬಂದಾಗ ಯಾವ ಮೌಂಟೂ ಬೇಗನೆಯದಲ್ಲ. ಗಾಯದ ಜಾಡು ಪೊದೆಯೊಳಗೆ ಹೋದ ಕಡೆ, ಹೊರಗೇ ನಿಂತು, ನೀರು ಕುಡಿದು, ಬೇಟೆಗಾರರು ಸ್ವಲ್ಪ ಹೊತ್ತು ಕಾಯುವುದು ಆ ಕಡೆಯ ಪದ್ಧತಿ. ಕಳಚುವುದು ಆಗ. ಆಗ ನಾಲ್ಕು ಸೆಕೆಂಡಾದರೂ ಒಂದೇ, ನಲವತ್ತಾದರೂ ಒಂದೇ. ಬೇಕಾದದ್ದು ಉಪಕರಣವಿಲ್ಲದೆ, ಸದ್ದಿಲ್ಲದೆ, ಬೆವರಿದ ಬೆರಳಿಗೂ ತಪ್ಪದೆ ಬಿಚ್ಚಿಬರುವುದು, ಮತ್ತು ತಾನಾಗಿ ಎಂದೂ ಬಿಚ್ಚದಿರುವುದು. ಆ ರಾತ್ರಿಯೇ ಹುಡುಗನಿಗೆ ಫೋನು ಮಾಡಿ, ಕಳಚುವ ಜಾಗ ಪೊದೆಯ ಹೊರಗೆ ಎಂದು ಅವನ ಬಾಯಲ್ಲೇ ಎರಡು ಸಲ ಹೇಳಿಸಿದೆವು. ಅಮ್ಮನ ಧ್ವನಿ ಹಿಂದಿನಿಂದ ಕೇಳಿಸಿದ್ದು ಅವನಿಗೆ ತಿಳಿಯಿತು; ಏನೂ ಅನ್ನಲಿಲ್ಲ.

ಮೂರನೆಯ ಬಗೆಯನ್ನೇ ಕೊಂಡ. ಬುಲಾವಾಯೊದಲ್ಲಿ ಒಬ್ಬ ಕಸುಬುದಾರ 8-40 ಸ್ಕ್ರೂ ಹಾಕಿಕೊಟ್ಟ. ಲಿವರುಗಳು ಎಡಗಡೆ, ಬಿಗಿದಾಗ ತುದಿ ಹಿಂದಕ್ಕೆ ಮಲಗುವ ಹಾಗೆ. ನುಗ್ಗುವಾಗ ಬಳ್ಳಿ ಸಿಕ್ಕಿಕೊಳ್ಳಬಾರದು. ಆಮೇಲೆ ಪರೀಕ್ಷೆ: ಒಂದು ಗುಂಡು, ಕಳಚು, ಕೂರಿಸು, ಇನ್ನೊಂದು ಗುಂಡು. ಭುಜದ ನೋವಿಗಾಗಿ ದಿನಕ್ಕೆ ಎರಡೇ. ಐದು ದಿನಕ್ಕೆ ಹತ್ತು ತೂತು, ಎಲ್ಲವೂ ಒಂದೇ ಕಾಗದದ ಮೇಲೆ. ಫೋಟೋ ಬಂತು. ನಾವು ಕನ್ನಡಕ ಹಾಕಿಕೊಂಡು ಪಕ್ಕದ ಅಳತೆಪಟ್ಟಿ ಓದಿದೆವು: ಏಳು ಸೆಂಟಿಮೀಟರಿನೊಳಗೆ ಹತ್ತೂ. ಬರೀ ಕಚ್ಚು ಮತ್ತು ಮಣಿಯಿಂದ ಇಪ್ಪತ್ತು ಹೆಜ್ಜೆಯಲ್ಲಿ ಹೊಡೆದ ಇನ್ನೊಂದು ಕಾಗದವೂ ಜೊತೆಗಿತ್ತು. ಸುಬೇದಾರರು ಅದನ್ನೇ ಹೆಚ್ಚು ಹೊತ್ತು ನೋಡಿದರು.

ಒಂದು ವಿಷಯ ಮಾತ್ರ ಯಾರಿಗೂ ಹೊಳೆದಿರಲಿಲ್ಲ, ಅಕ್ಕನೇ ಎತ್ತಿದಳು: ಕಳಚಿದ ದುರ್ಬೀನನ್ನು ಇಡುವುದೆಲ್ಲಿ? ಕೈಯಲ್ಲಿ ಹಿಡಿಯುವಂತಿಲ್ಲ, ಜೇಬಿಗೆ ಹೋಗದು, ನೆಲದಲ್ಲಿಟ್ಟರೆ ಮರಳು. ಮಂಡ್ಯಕ್ಕೆ ಹಿಂದಿರುಗಿದ ಮೇಲೆ ಹಳೆಯ ಕುರಿಕಂಬಳಿ ಕತ್ತರಿಸಿ, ಬೆನ್ನಿಗೆ ಕಟ್ಟಿಕೊಳ್ಳುವ ಉದ್ದನೆಯ ಚೀಲ ಹೊಲಿದು ಕಳಿಸಿದಳು. ಬಾಯಿಗೆ ಲಾಡಿ ಹಾಕಿದ್ದಾಳೆ. ಪರಪರ ಎನ್ನುವ ಆ ಅಂಟುಪಟ್ಟಿ ಬೇಡ, ಸದ್ದಾಗುತ್ತದೆ ಎಂದಳು. ಲಿವರುಗಳ ಸಮೇತ ದುರ್ಬೀನು ಸರಿಯಾಗಿ ಹಿಡಿಸಿತಂತೆ.