ಮೀಟರ್ ಬೋರ್ಡಿನ ಬೆನ್ನು

ಲಾರಿಯ ಮೀಟರ್ ಬೋರ್ಡಿಗೆ ಒಂದು ಮುಖ ಇದೆ, ಒಂದು ಬೆನ್ನಿದೆ. ಸೀಟಿನ ಕಡೆಗಿರೋದು ಮುಖ. ಗಾಜು, ಬಿಳಿ ಅಂಕಿ, ಕೆಂಪು ಗೆರೆ, ನಡುಗುವ ಮುಳ್ಳು. ಬೆನ್ನಿನ ಕಡೆ ಧೂಳು, ಇಲಿ ಕಡಿದ ವೈರು, ಹಸಿರುಗಟ್ಟಿದ ತಾಮ್ರ, ಯಾರೋ ಯಾವಾಗಲೋ ಸುತ್ತಿದ ಟೇಪು. ಮುಖ ನೋಡಿ ಗಾಡಿ ಓಡಿಸಿದವರಿದ್ದಾರೆ. ಮುಖ ನೋಡಿ ಬಾಡಿಗೆ ಲೆಕ್ಕ ಹಾಕಿದವರಿದ್ದಾರೆ. ನಾವು ಬೆನ್ನಿನ ಕಡೆಯವರು. ಸ್ಟೇರಿಂಗಿನ ಕೆಳಗೆ ಅಂಗಾತ ಮಲಗಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಕಣ್ಣಿಗೆ ಕಾಣದ ನಟ್ಟಿಗೆ ಬೆರಳು ತೂರಿಸಿದವರು. ಕೇರಿಯಿಂದ ಬಂದು ಕ್ಲೀನರಾಗಿ, ಕ್ಲೀನರಿಂದ ಗ್ಯಾರೇಜಿನ ಹುಡುಗರಾಗಿ, ಮೀಸೆ ಮೂಡುವ ಹೊತ್ತಿಗೆ ಮೇಸ್ತ್ರಿಗಳೆನಿಸಿಕೊಂಡವರು.

ರಿಪೇರಿಗೆ ಕೈ ಸಾಕು, ತಲೆ ಬೇಡ ಅನ್ನೋ ಮಾತು ಇನ್ನೂ ಸತ್ತಿಲ್ಲ. ಅದು ಸುಳ್ಳು ಅಂತ ತೋರಿಸೋಕೆ ಒಂದು ಹಳೇ ಲಾರಿ ಸಾಕು.

ನಮ್ಮ ಪಾಠಶಾಲೆ ಹಳೇ ಟಾಟಾ. ಜಮ್ಶೆಡ್‌ಪುರದ ಟೆಲ್ಕೋ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೈಜೋಡಿಸಿ ಲಾರಿ ಮಾಡೋಕೆ ಶುರು ಮಾಡಿತು. 1969ರಲ್ಲಿ ಒಪ್ಪಂದ ಮುಗಿಯಿತು. ಮೂತಿಯ ಮೇಲಿನ ಮೂರು ಕಾಲಿನ ನಕ್ಷತ್ರ ಹೋಗಿ 'ಟಿ' ಅಕ್ಷರ ಬಂತು. ಆಮೇಲೂ ಎಷ್ಟೋ ಕಾಲ ನಮ್ಮ ಜನ ಅದನ್ನ 'ಬೆಂಜ್ ಗಾಡಿ' ಅಂತಲೇ ಕರೆದರು. ಪುಣೆ-ಬೆಂಗಳೂರು ರಸ್ತೆ ಆಗ ರಾಷ್ಟ್ರೀಯ ಹೆದ್ದಾರಿ 4, ಈಗ 48. ಹುಬ್ಬಳ್ಳಿ, ಹಾವೇರಿ, ದಾವಣಗೆರೆ, ಚಿತ್ರದುರ್ಗ. ಈ ರಸ್ತೆಯ ಮಗ್ಗುಲಿನ ತಗಡಿನ ಶೆಡ್ಡುಗಳಲ್ಲಿ ಆ ಗಾಡಿಗಳು ನಮ್ಮ ಕೈಗೆ ಬಂದವು. ಮೀಟರಿನ ಮೇಲಿದ್ದದ್ದು ಇಂಗ್ಲಿಷು. ಓದಲು ಬಾರದವರು ಜಾಗದ ಮೇಲೆ ಗುರುತು ಹಿಡಿದರು. ಹೆಸರು ತಿಳಿಯುವ ಮೊದಲೇ ಸ್ವಭಾವ ತಿಳಿಯಿತು.

ಎಂಜಿನ್ನಿನ ಸುದ್ದಿ ಬೋರ್ಡಿಗೆ ಮೂರು ದಾರಿಯಲ್ಲಿ ಬರುತ್ತದೆ: ಕೊಳವೆ, ವೈರು, ಕೇಬಲ್ಲು. ಇಷ್ಟು ತಿಳಿದರೆ ಅರ್ಧ ರಿಪೇರಿ ಆದಂಗೆ.

ಮೊದಲು ಕೊಳವೆ. ಹಳೇ ಆಯಿಲ್ ಮೀಟರಿಗೆ ಎಂಜಿನ್ನಿಂದ ಸಣ್ಣ ಕೊಳವೆಯೊಂದು ನೇರ ಬರುತ್ತದೆ. ಮೀಟರಿನ ಒಳಗೆ ಕುಡುಗೋಲಿನ ಹಾಗೆ ಬಾಗಿಸಿದ ಚಪ್ಪಟೆ ಕೊಳವೆ, ಅದರ ಕೊನೆ ಮುಚ್ಚಿರುತ್ತೆ. ಎಣ್ಣೆಯ ಒತ್ತಡ ಏರಿದರೆ ಅದು ನೆಟ್ಟಗಾಗಲು ನೋಡುತ್ತೆ. ಜಾತ್ರೆಯಲ್ಲಿ ಸಿಗೋ ಸುರುಳಿ ಪೀಪಿ ಊದಿದಾಗ ಬಿಚ್ಚಿಕೊಳ್ಳೋದಿಲ್ಲವೇ, ಹಾಗೆ. ಆ ಕೂದಲೆಳೆಯಷ್ಟು ಅಲುಗಾಟ ಹಲ್ಲುಚಕ್ರಕ್ಕೆ ದಾಟಿ ಮುಳ್ಳು ತಿರುಗುತ್ತದೆ. ಫ್ರಾನ್ಸಿನ ಯೂಜೀನ್ ಬೂರ್ದಾನ್ ಅನ್ನುವಾತ 1849ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಬಾಗಿಸಿಟ್ಟದ್ದು ಒಳಗಿನ ಒತ್ತಡಕ್ಕೆ ನೆಟ್ಟಗಾಗುತ್ತದೆ ಅನ್ನೋದನ್ನ ನಮಗೆ ಅರ್ಥಮಾಡಿಸೋಕೆ ಪುಸ್ತಕ ಬೇಕಾಗಲಿಲ್ಲ.

ಆಯಿಲ್ ಮುಳ್ಳು ಬಿದ್ದರೆ ಮೀಟರ್ ಸತ್ತಿತು ಅಂತ ತೀರ್ಪು ಕೊಡಬಾರದು. ಮೊದಲು ಎಂಜಿನ್ ನಿಲ್ಲಿಸು. ಗೇಜು ಎತ್ತಿ ಎಣ್ಣೆ ನೋಡು. ಕೊಳವೆ ಒಡೆದಿದೆಯಾ, ಒಳಗೆ ಜಿಡ್ಡು ಕಟ್ಟಿದೆಯಾ ನೋಡು. ಆಮೇಲೆ ಸರಿಯಿರೋ ಬೇರೊಂದು ಮೀಟರ್ ಹಾಕಿ ಪರೀಕ್ಷೆ ಮಾಡು. ಅದೂ ಸೊನ್ನೆ ಅಂದರೆ ತಪ್ಪು ಮುಳ್ಳಿನದಲ್ಲ. ಪಂಪಿನದೋ ಬೇರಿಂಗಿನದೋ ಇರಬೇಕು.

ಇನ್ನು ವೈರು. ಡೀಸೆಲ್ ಟ್ಯಾಂಕಿನಲ್ಲಿ ಒಂದು ಬುರುಡೆ ತೇಲುತ್ತದೆ. ಅದು ಏರಿದಂತೆ ಇಳಿದಂತೆ ಅದರ ತೋಳು ಒಂದು ತಂತಿಸುರುಳಿಯ ಮೇಲೆ ಉಜ್ಜಿಕೊಂಡು ಸರಿಯುತ್ತೆ. ಕರೆಂಟಿಗೆ ಅಡ್ಡಿ ಹೆಚ್ಚುಕಡಿಮೆಯಾಗುತ್ತೆ, ಮುಳ್ಳು ಅದನ್ನೇ ಹೇಳುತ್ತೆ. ಬುರುಡೆ ತೂತಾಗಿ ಒಳಗೆ ಡೀಸೆಲ್ ತುಂಬಿಕೊಂಡರೆ ಅದು ಮುಳುಗುತ್ತದೆ. ಆಗ ಟ್ಯಾಂಕ್ ತುಂಬಿದ್ದರೂ ಮುಳ್ಳು ಖಾಲಿ ಅನ್ನುತ್ತೆ. ಎಂಜಿನ್ ಬಿಸಿಯ ಮೀಟರೂ ಇದೇ ಜಾತಿ. ನೀರಿನ ಬಳಿ ಕೂತ ಸಣ್ಣ ಗುಂಡಿಗೆ ಬಿಸಿ ತಾಗಿದಷ್ಟೂ ಅಡ್ಡಿ ಇಳಿಯುತ್ತದೆ. ಆ ಗುಂಡಿಯ ವೈರು ಕಳಚಿದರೆ ಸಾಮಾನ್ಯವಾಗಿ ಮುಳ್ಳು ತಣ್ಣಗಿನ ಕಡೆ ಬೀಳಬೇಕು. ಅದೇ ವೈರನ್ನ ಒಂದು ಕ್ಷಣ ಬಾಡಿಗೆ ಮುಟ್ಟಿಸಿದರೆ ಬಿಸಿಯ ಕಡೆ ಏರಬೇಕು. ಹೆಚ್ಚು ಹೊತ್ತು ಮುಟ್ಟಿಸಿದರೆ ಮೀಟರ್ ಸುಟ್ಟೀತು. ಮುಳ್ಳು ಎರಡು ಕಡೆಗೂ ಓಡಿತಾ? ಹಾಗಿದ್ದರೆ ಮೀಟರೂ ಬದುಕಿದೆ, ವೈರೂ ಬದುಕಿದೆ, ಗುಂಡಿ ಬದಲಾಯಿಸು.

ಕೆಲವು ಸಲ ಎಲ್ಲ ಮುಳ್ಳುಗಳೂ ಒಟ್ಟಿಗೆ ಹುಚ್ಚು ಹಿಡಿಸಿಕೊಳ್ಳುತ್ತವೆ. ಹೆಡ್‌ಲೈಟ್ ಹಾಕಿದರೆ ಡೀಸೆಲ್ ಮುಳ್ಳು ಜಿಗಿಯುತ್ತೆ. ಇಂಡಿಕೇಟರ್ ಹಾಕಿದರೆ ಬಿಸಿಯ ಮುಳ್ಳು ತಾಳ ಹಾಕುತ್ತೆ. ಹೊಸ ಹುಡುಗ ಕೇಳುತ್ತಾನೆ: "ಮೇಸ್ತ್ರಿ, ಬೋರ್ಡೇ ಬದಲಾಯಿಸೋಣ್ವಾ?"

"ಸುಮ್ನಿರಲೇ. ಅವು ಸುಳ್ಳು ಹೇಳ್ತಿಲ್ಲ. ಅವುಗಳ ಕೈಲಿ ಯಾರೋ ಸುಳ್ಳು ಹೇಳಿಸ್ತಾ ಅವ್ರೆ. ಅರ್ತ್ ನೋಡು."

ಅರ್ತ್ ಅಂದರೆ ಕರೆಂಟು ಬ್ಯಾಟರಿಗೆ ಮರಳುವ ದಾರಿ. ಬೋರ್ಡಿನಿಂದ ಬಾಡಿಗೆ, ಬಾಡಿಯಿಂದ ಬ್ಯಾಟರಿಗೆ. ಬೋರ್ಡಿನ ಹಿಂದೆ ಒಂದು ಸ್ಕ್ರೂ ತುಕ್ಕು ಹಿಡಿದರೆ ಆ ದಾರಿ ಮುಚ್ಚುತ್ತದೆ. ಕರೆಂಟು ಸುಮ್ಮನೆ ಕೂರೋದಿಲ್ಲ, ಅಕ್ಕಪಕ್ಕದ ಮೀಟರಿನ ಒಳಗಿಂದ ನುಗ್ಗಿ ದಾರಿ ಮಾಡಿಕೊಳ್ಳುತ್ತೆ. ಮುಳ್ಳುಗಳು ತಪ್ಪು ಹೇಳೋದು ಆಗಲೇ. ಸ್ಕ್ರೂ ಬಿಚ್ಚಿ, ಎಮರಿ ಕಾಗದದಲ್ಲಿ ಉಜ್ಜಿ, ಬಿಳಿ ಲೋಹ ಕಂಡ ಮೇಲೆ ಬಿಗಿ ಮಾಡಿದರೆ ಎಲ್ಲವೂ ಹದಕ್ಕೆ ಬರುತ್ತವೆ. ಬ್ಯಾಟರಿ ವೈರು ಬಿಚ್ಚದೆ ಬೋರ್ಡಿನ ಹಿಂದೆ ಕೈ ಹಾಕಬಾರದು ಅನ್ನೋದು ಮೊದಲ ಪಾಠ. ಚಾರ್ಜು ತೋರಿಸೋ ಆಂಪಿಯರ್ ಮೀಟರಿನ ದಪ್ಪ ವೈರು ಬಾಡಿಗೆ ತಾಗಿದರೆ ಕಿಡಿಯಲ್ಲ, ಬೆಂಕಿಯೇ ಏಳುತ್ತೆ.

ಮೂರನೆಯದು ಕೇಬಲ್ಲು. ಗೇರ್ ಬಾಕ್ಸಿನಿಂದ ಸ್ಪೀಡೋಮೀಟರಿಗೆ ಉಕ್ಕಿನ ತಂತಿ ಹೆಣೆದ ಕೇಬಲ್ಲು ಕವಚದೊಳಗೆ ತಿರುಗುತ್ತಾ ಬರುತ್ತದೆ. ಅದರ ತುದಿಯಲ್ಲಿ ಒಂದು ಅಯಸ್ಕಾಂತ ತಿರುಗುತ್ತದೆ. ಅದನ್ನು ಕವುಚಿಕೊಂಡಂತೆ ಅಲ್ಯೂಮಿನಿಯಂ ಬಟ್ಟಲು, ಬಟ್ಟಲಿಗೆ ಮುಳ್ಳು. ಅಯಸ್ಕಾಂತ ಬಟ್ಟಲನ್ನ ಮುಟ್ಟೋದೇ ಇಲ್ಲ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವ ಲೋಹವೂ ಅಲ್ಲ. ಆದರೂ ಬಟ್ಟಲು ತಿರುಗಲು ನೋಡುತ್ತದೆ, ಯಾಕಂದರೆ ತಿರುಗುವ ಅಯಸ್ಕಾಂತ ಬಟ್ಟಲಿನೊಳಗೆ ಸುಳಿ ಸುಳಿಯಾಗಿ ಕರೆಂಟು ಹುಟ್ಟಿಸುತ್ತದೆ. ಕೂದಲಿನಂಥ ಸ್ಪ್ರಿಂಗು ಬಟ್ಟಲನ್ನ ಹಿಂದಕ್ಕೆಳೆಯುತ್ತೆ. ಎರಡೂ ಸಮ ಆದಲ್ಲಿ ಮುಳ್ಳು ನಿಲ್ಲುತ್ತೆ. ಇದು 1902ರಲ್ಲಿ ಸ್ಟ್ರಾಸ್‌ಬರ್ಗಿನ ಒಟ್ಟೋ ಶುಲ್ಜೆ ಪೇಟೆಂಟ್ ಮಾಡಿಸಿದ ಯುಕ್ತಿ. ಮುಳ್ಳು ಕುಣಿಯುತ್ತಿದ್ದರೆ ಕೇಬಲ್ಲು ಒಣಗಿದೆ, ಇಲ್ಲವೇ ಎಲ್ಲೋ ಮುರಿಬಾಗಿದೆ. ಎಳೆದು ತೆಗೆದು, ಡೀಸೆಲಿನಲ್ಲಿ ತೊಳೆದು, ತೆಳ್ಳಗೆ ಗ್ರೀಸ್ ಸವರಿ ಹಾಕು. ಮೇಲಿನ ತುದಿಗೆ ಗ್ರೀಸ್ ಬೇಡ, ಅದು ಮೀಟರಿನೊಳಗೆ ಏರಿ ಬಟ್ಟಲಿಗೆ ಅಂಟಿದರೆ ಕೆಲಸ ಕೆಡುತ್ತೆ.

ಇಲ್ಲಿ ಒಂದು ಮಾತು. ನಾವು ಅಯಸ್ಕಾಂತವನ್ನ ಮೊದಲು ಕೈಯಲ್ಲಿ ಹಿಡಿದದ್ದು ಸ್ಪೀಡೋಮೀಟರಿನ ಹೊಟ್ಟೆ ಬಗೆದಾಗ. ಶಾಲೆಯಲ್ಲಿ ಅಯಸ್ಕಾಂತ ಇರಲಿಲ್ಲವೇ? ಇತ್ತು. ಗಾಜಿನ ಬೀರುವಿನಲ್ಲಿತ್ತು, ಬೀರುವಿಗೆ ಬೀಗ ಇತ್ತು. ಬೀಗ ತೆಗೆದ ದಿನ ಮುಂದಿನ ಸಾಲಿನವರಿಗೆ ಕೊಟ್ಟರು, ನಮಗೆ ದೂರದಿಂದ ತೋರಿಸಿದರು. ಅದೇ ಬೀರು ಒರೆಸಲು ಮಾತ್ರ ನಮ್ಮನ್ನ ಹೆಸರು ಹಿಡಿದು ಕರೆದರು. ಮುಂದೆ ಗ್ಯಾರೇಜಿನಲ್ಲೂ ಕೈಗೆ ಕೆಲಸ ಕೊಟ್ಟರು, ಕಾರಣ ಕೊಡಲಿಲ್ಲ. 'ಈ ವೈರು ಅಲ್ಲಿಗೆ ಹಾಕು' ಅಂದರು, ಯಾಕೆ ಅಂತ ಕೇಳಿದರೆ ಪಾನಾ ಬೀಸಿದರು. ಕಾರಣವನ್ನ ನಾವೇ ಸತ್ತ ಮೀಟರುಗಳನ್ನ ಬಿಚ್ಚಿ ಬಿಚ್ಚಿ ಹುಡುಕಿಕೊಂಡೆವು.

ಕಾರಣ ತಿಳಿದ ಮೇಲೆ ಇನ್ನೊಂದು ಕಣ್ಣಿಗೆ ಬಿತ್ತು. ಯಾವ ಮುಳ್ಳು ಮೊದಲು ರಿಪೇರಿಗೆ ಬರುತ್ತೆ? ಡೀಸೆಲ್ ಮುಳ್ಳು. ಡ್ರೈವರ್ ಡೀಸೆಲ್ ಕದ್ದಾನು ಅನ್ನೋ ಭಯ ಸಾವ್ಕಾರನಿಗೆ. ಗಾಳಿಯ ಮುಳ್ಳು ಕೆಟ್ಟರೆ? "ಓಡ್ತದಲ್ಲೋ, ನಿನ್ ಗಂಟೇನು? ಮುಂದಿನ ಟ್ರಿಪ್ಪಿಗೆ ನೋಡಾಣ." ಗಾಳಿ ಬ್ರೇಕಿನ ಹಳೇ ಗಾಡಿಯಲ್ಲಿ ಬ್ರೇಕು ಹಿಡಿಸೋದೇ ಟ್ಯಾಂಕಿನಲ್ಲಿ ತುಂಬಿದ ಗಾಳಿ. ಗಾಳಿ ಇಳಿದರೆ ಪೆಡಲ್ ಇದ್ದೂ ಇಲ್ಲ. ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಲೋಡು ಗಾಡಿ ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯಬೇಕು. ತಿರುವು ತಿರುವಿಗೂ ಬ್ರೇಕು, ಒತ್ತಿ ಬಿಟ್ಟಾಗಲೆಲ್ಲ ಗಾಳಿ ಖರ್ಚು. ಆ ಮುಳ್ಳು ಸತ್ತಿದ್ದರೆ ಎಷ್ಟು ಗಾಳಿ ಉಳಿದಿದೆ ಅಂತ ಹೇಳೋರ್ಯಾರು? ಲೋಡಿಗೆ ವಿಮೆ ಇರುತ್ತೆ. ಸಾವ್ಕಾರ ಪೇಟೆಯಲ್ಲಿರುತ್ತಾನೆ. ಕ್ಯಾಬಿನ್ನಿನಲ್ಲಿರೋರು ನಮ್ಮವರು. ಅದಕ್ಕೇ ನಮ್ಮ ಶೆಡ್ಡಿನಲ್ಲಿ ಒಂದು ಕಟ್ಟಳೆ ಮಾಡಿಕೊಂಡೆವು: ಗಾಳಿ ಮುಳ್ಳು ಸರಿಯಾಗದೆ ಗಾಡಿ ಶೆಡ್ಡು ಬಿಡಕೂಡದು. ಒಂದಿಬ್ಬರು ಸಾವ್ಕಾರರು ಬೇರೆ ಗ್ಯಾರೇಜು ಹುಡುಕಿಕೊಂಡರು. ಹೋಗಲಿ.

ಕಾಯಿದೆ ಇಲ್ಲವೇ ಅಂತ ಕೇಳಬಹುದು. ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಸ್ಪೀಡೋಮೀಟರಿಗೇ 117ನೇ ನಿಯಮ ಇದೆ. 1961ರಲ್ಲೇ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಮಾಡಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂತ ಬರೆದರು. ಆ 8 ಗಂಟೆ ಮುಗಿಯಿತು ಅಂತ ತೋರಿಸೋ ಮುಳ್ಳನ್ನ ನಾವು ಬಿಚ್ಚಿದ ಯಾವ ಹಳೇ ಬೋರ್ಡಿನಲ್ಲೂ ಕಾಣಲಿಲ್ಲ. ಎಣ್ಣೆಗೆ, ನೀರಿಗೆ, ಗಾಳಿಗೆ, ಕರೆಂಟಿಗೆ ಒಂದೊಂದು ಮೀಟರು. ಡ್ರೈವರನ ನಿದ್ದೆಗೆ ಇಲ್ಲ.

ಈಗಿನ ಗಾಡಿಗಳು ಬೇರೆ. 2020ರ ಏಪ್ರಿಲಿನಿಂದ ಬಿಎಸ್-6 ಬಂತು. ಎಂಜಿನ್ನಿನ ಸುದ್ದಿ ಮೊದಲು ಕಂಪ್ಯೂಟರಿಗೆ ಹೋಗಿ ಅಲ್ಲಿಂದ ಬೋರ್ಡಿಗೆ ಬರುತ್ತದೆ. ಎಂಜಿನ್ ಚಿತ್ರದ ಹಳದಿ ದೀಪ ಹತ್ತುತ್ತೆ. ಯಾಕೆ ಹತ್ತಿತು ಅಂತ ತಿಳಿಯಲು ಸ್ಕ್ಯಾನರ್ ಬೇಕು. ಅದರ ಬೆಲೆ, ಅದರ ಪಾಸ್‌ವರ್ಡು ರಸ್ತೆ ಬದಿಯ ಶೆಡ್ಡಿಗೆ ಎಟುಕದಷ್ಟು ಎತ್ತರದಲ್ಲಿರುತ್ತೆ. 2022ರಲ್ಲಿ ಕೇಂದ್ರ ಸರ್ಕಾರ ರಿಪೇರಿಯ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಅದರ ಪಟ್ಟಿಯಲ್ಲಿ ಮೋಟಾರು ವಾಹನಗಳೂ ಇದ್ದವು. ಹೊಸ ತಂತ್ರ ಬೇಡ ಅಂತ ನಾವು ಹೇಳುತ್ತಿಲ್ಲ. ಹೊಗೆ ಕಡಿಮೆಯಾದರೆ ಮೊದಲು ಉಸಿರಾಡೋರು ನಾವೇ. ಆದರೆ ಗಾಜಿನ ಬೀರುವಿನ ಬೀಗವನ್ನ ತಂದು ಬೋರ್ಡಿನ ಬೆನ್ನಿಗೆ ಹಾಕಬೇಡಿ ಅನ್ನುತ್ತೇವೆ. ರಿಪೇರಿ ಮಾಡೋ ಕೈಗೆ ಕಾರಣವೂ ಸಿಗಬೇಕು.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ನಿಮ್ಮಲ್ಲೊಂದು ಕೇಳಿಕೆ. ಪೇಟೆಗೆ ಹೋದಾಗ ಗುಜರಿ ಅಂಗಡಿಯಲ್ಲಿ ಸತ್ತ ಸ್ಪೀಡೋಮೀಟರ್ ಒಂದು, ಆಯಿಲ್ ಮೀಟರ್ ಒಂದು ಹುಡುಕಿ ತನ್ನಿ. ತರಗತಿಯ ನಡುವೆ ಗೋಣಿಚೀಲ ಹಾಸಿ, ಹಿಂದಿನ ಸಾಲಿನ ಮಕ್ಕಳನ್ನ ಮೊದಲು ಕೂರಿಸಿ, ಸ್ಕ್ರೂಡ್ರೈವರನ್ನ ಅವರ ಕೈಗೇ ಕೊಡಿ. ಬಟ್ಟಲನ್ನ ಮುಟ್ಟದೆಯೇ ಅಯಸ್ಕಾಂತ ಅದನ್ನ ಹೇಗೆ ತಿರುಗಿಸೀತು ಅಂತ ಕೇಳಿ. ಉತ್ತರ ತಡವಾದರೂ ಪರವಾಗಿಲ್ಲ. ಅವರು ಬಿಚ್ಚಲಿ.