ಗಂಟಲಿನೊಳಗಣ ಚೀಲ

ನಮ್ಮ ಅಣ್ಣನವರಿಗೆ ಈಗ ಎಪ್ಪತ್ತನಾಲ್ಕು ವರ್ಷ. ಎರಡು ವರ್ಷಗಳ ಕೆಳಗೆ ಅವರು ಪಂಕ್ತಿಯಲ್ಲಿ ಕುಳಿತುಣ್ಣುವುದನ್ನು ಬಿಟ್ಟರು. "ನನಗೆ ಆಮೇಲೆ ಬಡಿಸಮ್ಮಾ" ಎಂದು ಸೊಸೆಗೆ ಹೇಳಿ ಜಗಲಿಗೆ ಹೋಗುವರು. ಉಣ್ಣುವಾಗ ಕತ್ತಿನಲ್ಲಿ ಗುಳುಗುಳು ಶಬ್ದ, ಬಾಯಲ್ಲಿ ದುರ್ಗಂಧ, ಮಲಗಿದೊಡನೆ ಕೆಮ್ಮು. ಶರೀರವೂ ಇಳಿಯುತ್ತ ಬಂದಿತು. ಅಜೀರ್ಣವೆಂದು ಮೊದಲು ಹೇಳಿದವನು ನಾನೇ. ವೈದ್ಯರೊಬ್ಬರು ಹಾಗೆಯೇ ಎಣಿಸಿ ಹಲವು ತಿಂಗಳು ಆಮ್ಲಪಿತ್ತಕ್ಕೆ ಔಷಧ ಕೊಟ್ಟರು. ಆತುರದ ಊಟದ ಫಲವಿದೆಂದು ನಾನು ಅಣ್ಣನವರಿಗೇ ಉಪದೇಶ ಮಾಡಿದೆನು.

ಒಂದು ರಾತ್ರಿ ಕೆಮ್ಮಿನೊಡನೆ ಅನ್ನದ ಅಗುಳುಗಳು ದಿಂಬಿನ ಮೇಲೆ ಬಿದ್ದುವು. ಮಧ್ಯಾಹ್ನ ಉಂಡದ್ದು, ಉಂಡಂತೆಯೇ ಇದ್ದಿತು. ಅಜೀರ್ಣವೆಂಬ ಶಬ್ದಕ್ಕೆ ಜೀರ್ಣವಾಗದುದು ಎಂದಷ್ಟೇ ಅರ್ಥ. ಆ ಮಟ್ಟಿಗೆ ನಾನು ಹೇಳಿದುದು ಸರಿ. ಆದರೆ ಆ ಅನ್ನವು ಜೀರ್ಣವಾಗತಕ್ಕ ಸ್ಥಳಕ್ಕೇ ಹೋಗಿರಲಿಲ್ಲ!

ಈ ಸಂಗತಿಯನ್ನು ಕೇಳಿದೊಡನೆ ಬೇರೊಬ್ಬ ವೈದ್ಯರು ಬೇರಿಯಮ್ ಎಂಬ ಬಿಳಿಯ ದ್ರವವನ್ನು ಕುಡಿಸಿ ಕ್ಷ-ಕಿರಣದ ಚಿತ್ರ ತೆಗೆಯಿಸಿದರು. ಗಂಟಲು ಅನ್ನನಾಳವನ್ನು ಸೇರುವೆಡೆಯಲ್ಲಿ, ಹಿಂಬದಿಗೆ, ಒಂದು ಚೀಲವು ತೂಗುತ್ತಿದ್ದಿತು. ನುಂಗುವಾಗ ಸಡಿಲಬೇಕಾದ ಬಳೆಯಂತಹ ಸ್ನಾಯುವು ಸರಿಯಾಗಿ ಸಡಿಲದಿದ್ದರೆ, ಅದರ ಮೇಲುಗಡೆಯ ದುರ್ಬಲ ಸ್ಥಾನದಲ್ಲಿ ಒಳಪೊರೆಯು ಉಬ್ಬಿ ಚೀಲವಾಗುವುದಂತೆ. ಬಹುಮಟ್ಟಿಗೆ ವೃದ್ಧರಲ್ಲಿಯೇ ಕಾಣುವ ರೋಗ. 1877ರಲ್ಲಿ ಇದನ್ನು ವಿಸ್ತಾರವಾಗಿ ವಿವರಿಸಿದ ಜರ್ಮನ್ ಪಂಡಿತ ಜೆಂಕರನ ಹೆಸರೇ ಇದಕ್ಕೆ ನಿಂತಿದೆ. 1769ರಷ್ಟು ಹಿಂದೆಯೇ ಇದನ್ನು ಬರೆದಿಟ್ಟ ಇಂಗ್ಲೆಂಡಿನ ಲಡ್ಲೋ ಎಂಬವನನ್ನು ನೆನೆಯುವವರು ಕಡಿಮೆ. ಚಿತ್ರಕ್ಕೆ ಮೊದಲೇ ದರ್ಶಕನಳಿಗೆಯನ್ನು ಇಳಿಸಿದರೆ ಅದು ಚೀಲವನ್ನು ಹೊಕ್ಕು ತೆಳುಗೋಡೆಯನ್ನು ಹರಿಯುವ ಭಯವುಂಟು.

ಚೀಲವು ಚಿಕ್ಕದಾಗಿದ್ದು ಬಾಧಿಸದಿದ್ದರೆ ಸುಮ್ಮನಿರಬಹುದು. ಅಣ್ಣನವರದು ಹಾಗಿರಲಿಲ್ಲ, ನಿದ್ದೆಯಲ್ಲಿ ಅನ್ನವು ಶ್ವಾಸಕೋಶವನ್ನು ಹೊಕ್ಕರೆ ಪ್ರಾಣಕ್ಕೇ ಅಪಾಯ. ಔಷಧದಿಂದ ಚೀಲವು ಹೋಗದು. ಕತ್ತನ್ನು ಕೊಯ್ದು ಚಿಕಿತ್ಸೆ ಮಾಡುವುದೊಂದು ಕ್ರಮ. ಬಾಯಿಯ ಮೂಲಕವೇ ಉಪಕರಣವನ್ನಿಳಿಸಿ ಚೀಲಕ್ಕೂ ಅನ್ನನಾಳಕ್ಕೂ ನಡುವಣ ಗೋಡೆಯನ್ನು, ಅದರೊಳಗಿನ ಆ ಸ್ನಾಯುವಿನೊಡನೆ, ಕತ್ತರಿಸುವುದು ಇನ್ನೊಂದು. ಎರಡರಲ್ಲಿಯೂ ರಂಧ್ರವಾಗಿ ಸೋರುವ ಭೀತಿಯು ಸ್ವಲ್ಪ ಇದ್ದೇ ಇದೆ. ಈ ವಯಸ್ಸಿನಲ್ಲಿ ಬೇಕೇ ಎಂದು ನಾನು ಹಿಂಜರಿದೆನು. "ಹಸಿದು ಸಾಯುವುದಕ್ಕಿಂತ ಇದು ವಾಸಿ ಕಣೋ" ಎಂದರು ಅಣ್ಣನವರು.

ಎರಡನೆಯ ಕ್ರಮದಿಂದ ಕೆಲಸವು ನಡೆಯಿತು. ಕೆಲವು ದಿನ ಗಂಜಿ, ಬಳಿಕ ಮೆತ್ತನೆಯ ಅನ್ನ. ತಿಂಗಳು ಕಳೆದು ಬಂದ ನಮ್ಮ ತಂದೆಯವರ ಶ್ರಾದ್ಧದ ದಿನ ಅವರು ನನ್ನ ಪಕ್ಕದಲ್ಲಿಯೇ ಎಲೆ ಹಾಕಿಸಿಕೊಂಡು ಕುಳಿತರು. ನಾನು ಎರಡನೆಯ ಸಲ ಅನ್ನಕ್ಕೆ ಕೈಯೊಡ್ಡಿದಾಗ, "ಆತುರ ಬೇಡವೋ, ಅಜೀರ್ಣವಾದೀತು" ಎಂದರು.